ನೊಣದ ಕಣ್ಣಿಗೆ ಬೀಳದಿರುವ ವಿದ್ಯೆ

ಬಿಸಿಲಲ್ಲಿ, ಬಯಲಲ್ಲಿ ದುಡಿಯುವವರ ನಡುವೆ ಕಚ್ಚುವ ನೊಣಗಳ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಒಂದೇ: ಮೈಗೆ ಏನು ಹಚ್ಚಿಕೊಳ್ಳಬೇಕು? ಬೇವಿನೆಣ್ಣೆಯೋ, ಅಂಗಡಿಯ ಕ್ರೀಮೋ, ಬೆಳ್ಳುಳ್ಳಿ ರಸವೋ ಎಂಬ ಚರ್ಚೆ ಅಲ್ಲಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಈ ನೊಣಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂಬುದು ಮನದಟ್ಟಾಗುತ್ತದೆ. ಈ ನೊಣ ನಮ್ಮನ್ನು ಹುಡುಕಿಕೊಂಡು ಬಂದದ್ದು ಹೇಗೆ? ಕಂಡು ಬಂತೋ, ವಾಸನೆ ಹಿಡಿದು ಬಂತೋ? ಕಂಡು ಬರುವ ನೊಣವನ್ನು ವಾಸನೆಯಿಂದ ಓಡಿಸಲು ಹೊರಟರೆ ಅರ್ಧ ಸೋತಂತೆಯೇ. ಉಡುವ ಬಟ್ಟೆಯ ಬಣ್ಣ, ಕೆಲಸದ ಹೊತ್ತು, ಗಾಳಿ, ನೆರಳು, ಸುತ್ತಲಿನ ಕಸ ಇವೆಲ್ಲ ಎಣ್ಣೆ ಶೀಶೆಗಿಂತ ಮೊದಲು ಬರಬೇಕು ಎನ್ನುವುದು ಈ ಲೇಖನದ ವಾದ. ಇವುಗಳಲ್ಲಿ ಹೆಚ್ಚಿನವು ಕೂಲಿಯವರಿಗಿಂತ ಕೆಲಸ ಕೊಡುವವರ ಕೈಯಲ್ಲಿವೆ ಎನ್ನುವುದು ಅದರ ಇನ್ನೊಂದು ಮುಖ.

ಕಚ್ಚುವ ನೊಣ ಎಂದು ಒಂದೇ ಹೆಸರಿನಿಂದ ಕರೆದರೂ ಇವೆಲ್ಲ ಒಂದೇ ಕುಲದವಲ್ಲ. ದನಕರುಗಳ ಮೈಮೇಲೆ ಬಂದು ಕೂರುವ ದಪ್ಪ ಕುದುರೆ ನೊಣ, ಕೊಟ್ಟಿಗೆಯ ಸುತ್ತ ಕಾಲು ಹುಡುಕಿ ಕಚ್ಚುವ ಕೊಟ್ಟಿಗೆ ನೊಣ, ರಭಸದಿಂದ ಹರಿಯುವ ನೀರಿನಲ್ಲಿ ಹುಟ್ಟುವ ಗೂನು ಬೆನ್ನಿನ ಕರಿನೊಣ, ಮುಸ್ಸಂಜೆಗೆ ಮುತ್ತಿಕೊಳ್ಳುವ ನುಸಿ, ಆಫ್ರಿಕಾದ ತ್ಸೆತ್ಸೆ ನೊಣ, ಒಂದೊಂದರ ಹುಟ್ಟೂ ಬೇರೆ, ಹೊತ್ತೂ ಬೇರೆ, ಬೇಟೆಯ ರೀತಿಯೂ ಬೇರೆ. ಕುದುರೆ ನೊಣ, ಕರಿನೊಣ, ನುಸಿ ಇವುಗಳಲ್ಲಿ ಹೆಣ್ಣು ಮಾತ್ರ ಕಚ್ಚುತ್ತದೆ. ಮೊಟ್ಟೆ ಬಲಿಯಲು ಬೇಕಾದ ಪೌಷ್ಟಿಕಾಂಶ ಅದಕ್ಕೆ ರಕ್ತದಿಂದ ಸಿಗುತ್ತದೆ. ಗಂಡು ಹೂವಿನ ಮಕರಂದ ಕುಡಿದುಕೊಂಡು ಬದುಕುತ್ತದೆ. ಕೊಟ್ಟಿಗೆ ನೊಣ ಮತ್ತು ತ್ಸೆತ್ಸೆಗಳಲ್ಲಾದರೋ ಗಂಡು ಹೆಣ್ಣು ಎರಡೂ ಕಚ್ಚುತ್ತವೆ. ಈ ವ್ಯತ್ಯಾಸಗಳನ್ನು ಗಮನಿಸದೆ ಎಲ್ಲಕ್ಕೂ ಒಂದೇ ಮದ್ದು ಹುಡುಕುವುದರಿಂದಲೇ ನಮ್ಮ ಹೆಚ್ಚಿನ ಉಪಾಯಗಳು ಕೈಕೊಡುತ್ತವೆ.

ಇವುಗಳಲ್ಲಿ ಕುದುರೆ ನೊಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಏಕೆಂದರೆ ಬೇಸಿಗೆಯ ಸುಡುಬಿಸಿಲಿನಲ್ಲಿ ದುಡಿಯುವವರಿಗೆ ಎದುರಾಗುವ ನೊಣ ಇದು. ಜಗತ್ತಿನಾದ್ಯಂತ ಇದರಲ್ಲಿ 4,000ಕ್ಕೂ ಹೆಚ್ಚು ಜಾತಿಗಳಿವೆ. ತಲೆಯ ಬಹುಪಾಲನ್ನು ಆವರಿಸಿದ, ಹಲವು ಜಾತಿಗಳಲ್ಲಿ ಹಸಿರು ಮತ್ತು ತಾಮ್ರದ ಪಟ್ಟೆಗಳಿಂದ ಮಿನುಗುವ ದೊಡ್ಡ ಕಣ್ಣು. ಬಾಯಿಯ ಕೆಳಗೆ ಸಣ್ಣ ಸಣ್ಣ ಅಲಗುಗಳ ಒಂದು ಕಟ್ಟು. ಸೊಳ್ಳೆಯದು ಸೂಜಿಯಾದರೆ ಇದರದು ಕುಡುಗೋಲು. ಚರ್ಮವನ್ನು ಚುಚ್ಚದೆ ಕೊಯ್ಯುತ್ತದೆ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬಿಡುತ್ತದೆ, ಗಾಯದಲ್ಲಿ ಜಿನುಗಿ ನಿಂತ ರಕ್ತವನ್ನು ನೆಕ್ಕುತ್ತದೆ. ಹಾಗಾಗಿ ನೋವು ತಕ್ಷಣವೇ ತಟ್ಟುತ್ತದೆ, ಪ್ರಾಣಿ ಬಾಲ ಬೀಸುತ್ತದೆ, ಊಟ ಅರ್ಧಕ್ಕೆ ನಿಂತ ನೊಣ ಪಕ್ಕದ ಪ್ರಾಣಿಯ ಮೇಲೆ ಹೋಗಿ ಕೂರುತ್ತದೆ. ಬಾಯಿಯಲ್ಲಿ ಉಳಿದ ಹಸಿ ರಕ್ತದ ಜೊತೆ ರೋಗವೂ ಹೀಗೆಯೇ ದಾಟುತ್ತದೆ. ಕುದುರೆ, ಒಂಟೆ, ದನ, ಎಮ್ಮೆಗಳನ್ನು ಕಾಡುವ ಸರ್ರಾ ರೋಗ ಹರಡುವುದು ಮುಖ್ಯವಾಗಿ ಈ ದಾರಿಯಲ್ಲಿ. ಅದರ ರೋಗಾಣುವನ್ನು 1880ರಲ್ಲಿ ಅಂದಿನ ಪಂಜಾಬಿನಲ್ಲಿ ಗುರುತಿಸಿದವರು ಪಶುವೈದ್ಯ ಗ್ರಿಫಿತ್ ಇವಾನ್ಸ್. ಜಾನುವಾರುಗಳಿಗಷ್ಟೇ ಸೀಮಿತ ಎಂದು ನಂಬಲಾಗಿದ್ದ ಈ ರೋಗಾಣು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಬ್ಬ ರೈತರ ರಕ್ತದಲ್ಲಿ ಕಂಡುಬಂದದ್ದು 2005ರಲ್ಲಿ ವರದಿಯಾಯಿತು. ಅವರ ದೇಹದಲ್ಲಿ ಈ ರೋಗಾಣುವನ್ನು ಕೊಲ್ಲಬಲ್ಲ ಒಂದು ಪ್ರೋಟೀನಿನ ಕೊರತೆ ಇತ್ತು, ಚಿಕಿತ್ಸೆಯಿಂದ ಗುಣವಾಯಿತು. ಮನುಷ್ಯರಿಗೆ ಇದು ತೀರಾ ಅಪರೂಪ. ಆದರೂ ನೊಣದ ಕಡಿತ ಬರೀ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ ಎನ್ನಲು ಆ ಒಂದು ಪ್ರಕರಣ ಸಾಕು.

ನೀರು ಹುಡುಕುವ ಕಣ್ಣು

ಕುದುರೆ ನೊಣ ಕಪ್ಪು ಪ್ರಾಣಿಗಳನ್ನು ಹೆಚ್ಚು ಕಾಡುತ್ತದೆ ಎಂಬುದು ದನ ಕಾಯುವವರಿಗೆ, ಕುದುರೆ ಸಾಕುವವರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಏಕೆ ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. ಹಂಗೇರಿಯ ಗಾಬೋರ್ ಹೊರ್ವಾಥ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ನೊಣಗಳಿಗೆ ನಮಗಿಲ್ಲದ ಒಂದು ನೋಟವಿದೆ. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ತುಯ್ಯುತ್ತಿದೆ ಎಂಬುದನ್ನು, ಅಂದರೆ ಬೆಳಕಿನ ಧ್ರುವೀಕರಣವನ್ನು, ಅವು ಕಾಣಬಲ್ಲವು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಹೆಚ್ಚಾಗಿ ನೆಲಕ್ಕೆ ಸಮಾನಾಂತರವಾಗಿ ತುಯ್ಯುತ್ತದೆ. ಕುದುರೆ ನೊಣದ ಮರಿ ಬೆಳೆಯುವುದು ಜೌಗು ಮಣ್ಣಿನಲ್ಲಿ, ಕೆರೆ ಅಂಚಿನ ಕೆಸರಿನಲ್ಲಿ. ಹಾಗಾಗಿ ನೀರು ಎಲ್ಲಿದೆ ಎಂದು ತಿಳಿಯುವುದು ಆ ನೊಣಕ್ಕೆ ಸಂತಾನದ ಪ್ರಶ್ನೆ. ಮಿರುಗುವ ಕಪ್ಪು ಚರ್ಮವೂ, ನುಣುಪಾದ ಕಡುಬಣ್ಣದ ಬಟ್ಟೆಯೂ ಬೆಳಕನ್ನು ನೀರಿನಂತೆಯೇ ಧ್ರುವೀಕರಿಸಿ ಕಳುಹಿಸುತ್ತವೆ. ಬಿಳಿ ಮೈಯಾದರೋ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಆ ಗುರುತನ್ನು ಅಳಿಸಿಬಿಡುತ್ತದೆ. ಹಸಿದ ಹೆಣ್ಣು ನೊಣ ತನ್ನ ಬೇಟೆಯನ್ನು ಆರಿಸಿಕೊಳ್ಳುವಾಗಲೂ ಇದೇ ಗುರುತನ್ನು ನೆಚ್ಚುತ್ತದೆ ಎನ್ನುವುದು ಮುಂದಿನ ಪ್ರಯೋಗಗಳಲ್ಲಿ ಕಂಡ ಸತ್ಯ.

ಆ ಪ್ರಯೋಗಗಳು ಸರಳವಾಗಿದ್ದವು, ಅಷ್ಟೇ ನಂಬಲರ್ಹವಾಗಿದ್ದವು. ಅಂಟು ಬಳಿದ ಕಪ್ಪು, ಕಂದು, ಬಿಳಿ ಕುದುರೆಯ ಪ್ರತಿಕೃತಿಗಳನ್ನು ಬಯಲಲ್ಲಿ ನಿಲ್ಲಿಸಿ, ಯಾವುದಕ್ಕೆ ಎಷ್ಟು ನೊಣ ಅಂಟಿಕೊಂಡವು ಎಂದು ಎಣಿಸಿದರು. ಬಿಳಿಗೆ ಬಂದವುಗಳಿಗಿಂತ ಕಪ್ಪು ಮತ್ತು ಕಂದಿಗೆ ಬಂದವು ಹಲವು ಪಟ್ಟು ಹೆಚ್ಚಿದ್ದವು. 2010ರ ಈ ಕೆಲಸಕ್ಕೆ 2016ರಲ್ಲಿ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. 2019ರಲ್ಲಿ ಅದೇ ತಂಡ ಮನುಷ್ಯಾಕೃತಿಯ ಗೊಂಬೆಗಳನ್ನು ಇಟ್ಟು ನೋಡಿತು: ಕಂದು ಬಣ್ಣದ ಗೊಂಬೆಗೆ, ಅದೇ ಕಂದಿನ ಮೇಲೆ ಬಿಳಿ ಪಟ್ಟೆ ಎಳೆದ ಗೊಂಬೆಗಿಂತ ಸುಮಾರು 10 ಪಟ್ಟು ಹೆಚ್ಚು ಕುದುರೆ ನೊಣಗಳು ಬಂದವು. ಆಫ್ರಿಕಾ, ಆಸ್ಟ್ರೇಲಿಯಾಗಳ ಕೆಲವು ಸಮುದಾಯಗಳು ಮೈಮೇಲೆ ಬಿಳಿ ಪಟ್ಟೆ ಬರೆದುಕೊಳ್ಳುವ ರೂಢಿಯಿಂದ ನೊಣದ ಕಾಟವೂ ಕಡಿಮೆಯಾಗುತ್ತಿರಬೇಕು ಎಂಬ ಊಹೆಗೆ ಇದು ಬಲ ಕೊಟ್ಟಿತು. ಅದೇ ವರ್ಷ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಕಪ್ಪು ಹಸುಗಳಿಗೆ ಜೀಬ್ರಾದಂತೆ ಬಿಳಿ ಪಟ್ಟೆ ಬಳಿದಾಗ ಅವುಗಳ ಮೇಲೆ ಬಂದು ಕೂರುವ ಕಚ್ಚುವ ನೊಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಬಾಲ ಬೀಸುವುದು, ಕಾಲು ಝಾಡಿಸುವುದು ಸಹ ಇಳಿಯಿತು. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಟಿಮ್ ಕಾರೋ ತಂಡ ಒಂದೇ ಕುದುರೆಗೆ ಬೇರೆ ಬೇರೆ ಹೊದಿಕೆ ಹೊದಿಸಿ ನೋಡಿದಾಗ, ಪಟ್ಟೆ ಹೊದಿಕೆಯ ಹತ್ತಿರಕ್ಕೆ ಬಂದ ನೊಣಗಳು ವೇಗ ತಗ್ಗಿಸಿ ಇಳಿಯಲಾಗದೆ ಡಿಕ್ಕಿ ಹೊಡೆದು ಇಲ್ಲವೇ ಹಾಯ್ದು ಹೋದವು. ಹೊದಿಕೆಯಿಲ್ಲದ ತಲೆಯ ಮೇಲೆ ಮಾತ್ರ ಎಂದಿನಂತೆಯೇ ಕೂತವು. ಕುದುರೆ ಅದೇ, ವಾಸನೆ ಅದೇ, ಬದಲಾದದ್ದು ಕಣ್ಣಿಗೆ ಕಾಣುವ ಹೊದಿಕೆಯೊಂದೇ.

ದುಡಿಯುವವರ ಉಡುಪಿಗೆ ಇದರಿಂದ ಸಿಗುವ ಪಾಠ ನೇರವಾದದ್ದು. ಕುದುರೆ ನೊಣವಿರುವ ಜಾಗದಲ್ಲಿ ಕಡುನೀಲಿ, ಕಪ್ಪು, ಕಡುಕಂದು ಬಣ್ಣಗಳೂ ಮಿರುಗುವ ಸಿಂಥೆಟಿಕ್ ಬಟ್ಟೆಯೂ ಬೇಡ. ಬಿಳಿ ಅಥವಾ ತಿಳಿಬಣ್ಣದ, ಸಡಿಲವಾದ, ತೋಳು ತುಂಬುವ ಹತ್ತಿ ಬಟ್ಟೆ ಬೇಕು. ಬಿಳಿ ಬಟ್ಟೆ ಒಂದೇ ದಿನಕ್ಕೆ ಮಣ್ಣಾಗುತ್ತದೆ, ಅದಕ್ಕೇ ತಾನೇ ಕೆಲಸದ ಬಟ್ಟೆಗೆ ಕಡುಬಣ್ಣ ಎನ್ನುವ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಚ್ಚ ಬಿಳಿಯೇ ಬೇಕೆಂದಿಲ್ಲ. ಹಂಗೇರಿಯ ಪ್ರಯೋಗದಲ್ಲಿ ಗೋಧಿಬಣ್ಣದ ಗೊಂಬೆಗೆ ಬಂದ ನೊಣಗಳು ಪಟ್ಟೆಯ ಗೊಂಬೆಗಿಂತ ಎರಡು ಪಟ್ಟು ಮಾತ್ರ. ಕಂದಿನ ಹತ್ತು ಪಟ್ಟಿನ ಮುಂದೆ ಅದು ದೊಡ್ಡ ಲಾಭ. ಸೆಕೆಯಲ್ಲಿ ಮೈತುಂಬ ಬಟ್ಟೆ ತೊಟ್ಟು ಬೇಯಬೇಕೇ ಎನ್ನುವುದು ಇನ್ನೂ ಗಂಭೀರವಾದ ಆಕ್ಷೇಪ. ಬಿಗಿಯಾದ, ಬೆವರು ಹೀರದ ಬಟ್ಟೆಯಾದರೆ ಆ ಮಾತು ನಿಜ. ಸಡಿಲ ಹತ್ತಿಯೊಳಗೆ ಗಾಳಿಯಾಡುತ್ತದೆ, ತಿಳಿಬಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ, ಚರ್ಮ ನೇರ ಬಿಸಿಲಿನಿಂದ ಪಾರಾಗುತ್ತದೆ. ಬಯಲುಸೀಮೆಯ ರೈತ ಬಿಳಿ ಅಂಗಿ ತೊಟ್ಟು ತಲೆಗೆ ಬಿಳಿ ಪಟಗ ಸುತ್ತುವುದು ಬಿಸಿಲಿಗೆ. ಅದೇ ಉಡುಪು ನೊಣದ ಕಣ್ಣಿನಿಂದಲೂ ಅವನನ್ನು ಮರೆಮಾಡುತ್ತದೆ.

ಎಲ್ಲ ನೊಣಕ್ಕೂ ಒಂದೇ ಉಪಾಯವಿಲ್ಲ

ಬಣ್ಣದ ಮಾತು ಕುದುರೆ ನೊಣಕ್ಕೆ ಮುಗಿಯುವುದಿಲ್ಲ. ಆಫ್ರಿಕಾದಲ್ಲಿ ನಿದ್ರಾರೋಗ ಹರಡುವ ತ್ಸೆತ್ಸೆ ನೊಣವನ್ನು ದೂರದಿಂದ ಸೆಳೆಯುವುದು ನೀಲಿ, ಬಂದು ಕೂರುವಂತೆ ಮಾಡುವುದು ಕಪ್ಪು. ಈ ತಿಳಿವಳಿಕೆಯ ಮೇಲೆಯೇ ಅಲ್ಲಿ ನೀಲಿ-ಕಪ್ಪು ಬಟ್ಟೆಯ ಬಲೆಗಳು ಹುಟ್ಟಿದವು. ಕೀಟನಾಶಕದಲ್ಲಿ ಅದ್ದಿದ ಪುಟ್ಟ ನೀಲಿ ಬಟ್ಟೆಯ ಚೌಕಗಳನ್ನು ಹೊಳೆದಂಡೆಗಳಲ್ಲಿ ನೆಟ್ಟು ನೊಣವನ್ನು ಕಡಿಮೆ ಮಾಡಲಾಗುತ್ತಿದೆ. ಕೆನಡಾದ ಮನಿಟೋಬದಲ್ಲಿ 1960ರ ದಶಕದಲ್ಲಿ ರೂಪುಗೊಂಡ ಕುದುರೆ ನೊಣದ ಬಲೆಯೂ ಕಣ್ಣನ್ನೇ ನಂಬಿದೆ: ಬಿಸಿಲಿಗೆ ಕಾದು, ಗಾಳಿಗೆ ತೂಗಾಡುವ ಮಿರುಗುವ ಕಪ್ಪು ಚೆಂಡು; ಅದನ್ನು ಪ್ರಾಣಿಯೆಂದು ಬಗೆದು ಬಂದ ನೊಣ ಕೂತು ನಿರಾಶೆಯಾಗಿ ಮೇಲಕ್ಕೆ ಹಾರಿದಾಗ ಮೇಲಿನ ಆಲಿಕೆಯಲ್ಲಿ ಸಿಕ್ಕಿಬೀಳುತ್ತದೆ. ತ್ಸೆತ್ಸೆ ಇರುವ ಕಡೆ ಹೋಗುವವರಿಗೆ ಆರೋಗ್ಯ ಸಂಸ್ಥೆಗಳು ಕೊಡುವ ಎಚ್ಚರಿಕೆಯಲ್ಲೂ ಮೊದಲು ಬರುವುದು ಉಡುಪು. ನೀಲಿ, ಕಪ್ಪು, ಕಣ್ಣು ಕುಕ್ಕುವ ಬಣ್ಣ ಬೇಡ. ಮಣ್ಣಿಗೆ ಹೊಂದುವ ಬಣ್ಣ ಇರಲಿ. ತೆಳು ಬಟ್ಟೆಯ ಮೇಲಿಂದಲೂ ಅದು ಕಚ್ಚಬಲ್ಲದಾದ್ದರಿಂದ ಬಟ್ಟೆ ತುಸು ದಪ್ಪಗಿರಲಿ.

ನುಸಿಯ ವಿಷಯಕ್ಕೆ ಬಂದರೆ ಲೆಕ್ಕ ಪೂರಾ ಬದಲಾಗುತ್ತದೆ. ಒಂದೆರಡು ಮಿಲಿಮೀಟರ್ ಉದ್ದದ ಈ ಕೀಟ ಮುಖ್ಯವಾಗಿ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ವಾಸನೆಯನ್ನೂ ಹಿಡಿದು ಬರುತ್ತದೆ. ಅದಕ್ಕೆ ಬೇಕಾದದ್ದು ಮಂದ ಬೆಳಕು, ತೇವ, ನಿಂತ ಗಾಳಿ. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಬೇಸಿಗೆಯ ಸಂಜೆಗಳನ್ನು ಇದು ಎಷ್ಟು ಕಾಡುತ್ತದೆಂದರೆ, ಅಲ್ಲಿನ ಅರಣ್ಯ ಕೆಲಸದಲ್ಲಿ ಬೇಸಿಗೆಯ ದುಡಿಮೆಯ ದಿನಗಳ ಐದನೇ ಒಂದು ಪಾಲಿನವರೆಗೂ ಇದರಿಂದ ನಷ್ಟವಾಗುತ್ತದೆ ಎಂಬ ಅಂದಾಜಿದೆ. ಆದರೆ ಗಾಳಿ ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗ ದಾಟಿತೆಂದರೆ ಈ ಹಗುರ ಜೀವ ಹಾರಲಾರದು. ಗಾಳಿ ಬೀಸುವ ದಿಣ್ಣೆಯ ಮೇಲೆ ಡೇರೆ ಹಾಕು, ತಗ್ಗಿನ ಕೆಲಸವನ್ನು ಗಾಳಿಯಿರುವ ಹೊತ್ತಿಗೆ ಇಟ್ಟುಕೋ ಎನ್ನುವ ಬುದ್ಧಿಮಾತಿನ ಹಿಂದಿರುವುದು ಈ ದೌರ್ಬಲ್ಯವೇ. ಕರ್ನಾಟಕದ ಕುರಿಗಾಹಿಗಳಿಗೂ ನುಸಿಯ ನಂಟು ಹೊಸದಲ್ಲ. ಮಳೆಗಾಲದಲ್ಲಿ ಕುರಿ ಮಂದೆಗಳನ್ನು ಹಿಂಡುವ ನೀಲಿ ನಾಲಿಗೆ ರೋಗವನ್ನು ಹೊತ್ತು ತರುವುದು ಇದೇ ಕುಲದ ನುಸಿ. ರಾತ್ರಿ ಮಂದೆಯನ್ನು ಜೌಗಿನ ಪಕ್ಕ ಬಿಡದೆ ಗಾಳಿಯಾಡುವ ಎತ್ತರದಲ್ಲಿ ಹಟ್ಟಿ ಹಾಕುವುದು, ಲಸಿಕೆಯ ಜೊತೆಗೆ, ಅರ್ಥವುಳ್ಳ ಕ್ರಮ.

ಕೊಟ್ಟಿಗೆ ನೊಣವನ್ನು ತಡೆಯುವುದು ಬಣ್ಣದಿಂದಲೂ ಕಷ್ಟ, ಗಾಳಿಯಿಂದಲೂ ಕಷ್ಟ. ಅದರ ಗುಟ್ಟು ಇರುವುದು ತಿಪ್ಪೆಯಲ್ಲಿ. ನೋಡಲು ಮನೆ ನೊಣದಂತೆಯೇ ಇದ್ದರೂ ತಲೆಯ ಮುಂದಕ್ಕೆ ಚಾಚಿದ ಗಟ್ಟಿ ಸೂಜಿಮೂತಿ ಇದರ ಗುರುತು. ಕೂರುವುದು ಹೆಚ್ಚಾಗಿ ದನದ ಕಾಲಿಗೆ, ಮನುಷ್ಯನ ಹರಡಿಗೆ. ಕಾಲುಚೀಲದ ಮೇಲಿಂದಲೂ ಚುಚ್ಚುತ್ತದೆ. ಗಂಜಲ, ಸಗಣಿ, ಉಳಿದ ಮೇವು ಬೆರೆತು ಕೊಳೆಯುವ ಒದ್ದೆ ಹುಲ್ಲು ಇದರ ತೊಟ್ಟಿಲು. ಸೆಕೆಗಾಲದಲ್ಲಿ ಮೊಟ್ಟೆಯಿಂದ ನೊಣವಾಗಲು ಎರಡು ಮೂರು ವಾರ ಸಾಕು. ಹಾಗಾಗಿ ವಾರಕ್ಕೊಮ್ಮೆ ಆ ಕಸವನ್ನು ಎತ್ತಿ ತೆಳುವಾಗಿ ಹರಡಿ ಒಣಗಿಸಿದರೆ, ಇಲ್ಲವೇ ಒಳಗೆ ಬಿಸಿಯೇರುವಂತೆ ಒಟ್ಟಿ ಮುಚ್ಚಿ ಗೊಬ್ಬರ ಮಾಡಿದರೆ, ಮರಿ ರೆಕ್ಕೆ ಕಟ್ಟುವ ಮೊದಲೇ ಸರಪಳಿ ಕಡಿಯುತ್ತದೆ. ಕಚ್ಚಿದ ಮೇಲೆ ಹೊಡೆಯುವ ನೂರು ನೊಣಕ್ಕಿಂತ ಹುಟ್ಟದಂತೆ ಮಾಡಿದ ಒಂದು ಬುಟ್ಟಿ ಕಸದ ಲಾಭ ದೊಡ್ಡದು.

ಹಾಗಾದರೆ ಎಣ್ಣೆ ಬೇಡವೇ?

ಬೇಕು, ಆದರೆ ಅದರ ಜಾಗ ಅರಿತು ಬಳಸಬೇಕು. ಅಮೆರಿಕದ ಸೈನ್ಯಕ್ಕಾಗಿ ಸಿದ್ಧವಾಗಿ 1957ರಲ್ಲಿ ಜನಬಳಕೆಗೆ ಬಂದ ಡೀಟ್ ಇಂದಿಗೂ ಸೊಳ್ಳೆ, ನುಸಿ, ಉಣುಗುಗಳ ವಿರುದ್ಧ ನಂಬಬಹುದಾದ ಔಷಧ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆಯಲ್ಲಿ, ಕಾಡಿಗೆ ಹೋಗುವ ಮಲೆನಾಡಿಗರಿಗೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯೂ ಅರ್ಥವಿಲ್ಲದ್ದಲ್ಲ. ಅಲ್ಲಿ ಎಣ್ಣೆ ಕೆಲಸ ಮಾಡುವುದಾದರೆ ಇಲ್ಲೇಕೆ ಮಾಡದು ಎಂದು ಕೇಳುವವರಿಗೆ ಉತ್ತರ ಆ ಜೀವಿಗಳ ನಡೆಯಲ್ಲಿದೆ. ಉಣುಗು ಹಾರುವುದಿಲ್ಲ. ತರಗೆಲೆಯಿಂದ ಕಾಲಿಗೆ ಹತ್ತಿ, ಮೆಲ್ಲಗೆ ಚರ್ಮದ ಮೇಲೆ ತೆವಳುತ್ತಾ ಕಚ್ಚುವ ಜಾಗ ಹುಡುಕುತ್ತದೆ. ಎಣ್ಣೆ ಹಚ್ಚಿದ ಕಾಲು ಅದರ ದಾರಿಗೇ ಅಡ್ಡ ನಿಲ್ಲುತ್ತದೆ. ಕುದುರೆ ನೊಣ ದೂರದಿಂದ ಕಂಡು, ನೇರ ಹಾರಿ ಬಂದು, ಎಣ್ಣೆ ತಾಗದ ಬೆನ್ನಿಗೋ ಕುತ್ತಿಗೆಗೋ ಬಟ್ಟೆಯ ಮೇಲೋ ಕೂರುತ್ತದೆ. ಬೆವರಿಳಿಯುವ ಕೆಲಸದಲ್ಲಿ ಹಚ್ಚಿದ್ದು ಬೇಗ ತೊಳೆದೂ ಹೋಗುತ್ತದೆ. ಆದ್ದರಿಂದ ಈ ನೊಣದ ಮುಂದೆ ಕ್ರೀಮು ಬಟ್ಟೆಗೆ ಸಹಾಯಕ ಮಾತ್ರ. ಬೆಳ್ಳುಳ್ಳಿ ತಿಂದರೆ, ಬಿ ವಿಟಮಿನ್ ಮಾತ್ರೆ ನುಂಗಿದರೆ ಕೀಟ ಬಾರದು ಎಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ. ಹೊಗೆ ಹಾಕಿದರೆ ನುಸಿ ದೂರವಾಗುವುದು ನಿಜ, ಆದರೆ ದಿನವಿಡೀ ಆ ಹೊಗೆ ಕುಡಿಯುವ ಶ್ವಾಸಕೋಶದ ಲೆಕ್ಕವನ್ನೂ ಇಡಬೇಕು.

ಇಷ್ಟೆಲ್ಲ ಏಕೆ, ಔಷಧಿ ಸಿಂಪಡಿಸಿ ನೊಣದ ಬುಡವನ್ನೇ ಕಿತ್ತರಾಯಿತು ಎನ್ನುವವರೂ ಇದ್ದಾರೆ. ಅವರ ಕೈಯಲ್ಲಿ ಗಟ್ಟಿಯಾದ ಒಂದು ಉದಾಹರಣೆಯೂ ಇದೆ. ಪಶ್ಚಿಮ ಆಫ್ರಿಕಾದಲ್ಲಿ ಕರಿನೊಣದ ಕಡಿತದಿಂದ ಹರಡುವ ನದಿಕುರುಡು ರೋಗದ ವಿರುದ್ಧ 1974ರಿಂದ 2002ರವರೆಗೆ ಹಲವು ದೇಶಗಳು ಸೇರಿ ಹೋರಾಡಿದವು. ಹೆಲಿಕಾಪ್ಟರುಗಳಿಂದ ನದಿಗಳಿಗೆ ಔಷಧಿ ಬಿಟ್ಟು ಮರಿಗಳನ್ನು ಕೊಂದರು, ಮುಂದೆ ಐವರ್ಮೆಕ್ಟಿನ್ ಮಾತ್ರೆಯೂ ಜೊತೆಗೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರು ಲಕ್ಷ ಜನರ ಕಣ್ಣು ಉಳಿಯಿತು, ನೊಣಕ್ಕೆ ಹೆದರಿ ಬಿಟ್ಟುಹೋಗಿದ್ದ 2.5 ಕೋಟಿ ಹೆಕ್ಟೇರ್ ಹೊಳೆದಂಡೆಯ ಭೂಮಿ ಮತ್ತೆ ಸಾಗುವಳಿಗೆ ಒದಗಿತು. ಮನುಷ್ಯಪ್ರಯತ್ನದ ದೊಡ್ಡ ಗೆಲುವು ಅದು. ಆದರೆ ಅದು ಸಾಧ್ಯವಾದದ್ದು ಕರಿನೊಣ ಹುಟ್ಟುವ ಜಾಗ ಹೊಳೆಯ ರಭಸದ ನೀರು ಎಂದು ಖಚಿತವಾಗಿ ಗೊತ್ತಿದ್ದರಿಂದ, ಮತ್ತು ದೇಶಗಳು ದಶಕಗಳ ಕಾಲ ಹಣ ಸುರಿದದ್ದರಿಂದ. ಅಲ್ಲೂ ಮರಿಗಳು ಔಷಧಿಗೆ ಒಗ್ಗಿಕೊಂಡಾಗ ಔಷಧಿಗಳನ್ನು ಸರದಿಯಂತೆ ಬದಲಿಸುತ್ತಾ ಹೋಗಬೇಕಾಯಿತು. ಕುದುರೆ ನೊಣದ ಮರಿಯಾದರೋ ಜೌಗು, ಗದ್ದೆ ಬದು, ಕೆರೆಯಂಚು ಎಂದು ಚದುರಿಕೊಂಡಿರುತ್ತದೆ. ಅದನ್ನು ಕೊಲ್ಲಲು ಹೊರಟರೆ ಮೀನು, ಕಪ್ಪೆ, ಜೇನಿಗೂ ವಿಷ ಉಣಿಸಿದಂತಾಗುತ್ತದೆ. ದೊಡ್ಡ ನೊಣ ಪ್ರಾಣಿಯ ಮೈಮೇಲಿರುವುದು ಕೆಲವೇ ನಿಮಿಷವಾದ್ದರಿಂದ ದನದ ಮೈಗೆ ಬಳಿದ ಔಷಧಿಗೂ ಅದು ಸುಲಭವಾಗಿ ಸಿಕ್ಕುವುದಿಲ್ಲ.

ಕಚ್ಚಿಸಿಕೊಂಡ ಮೇಲೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಗಾಯವನ್ನು ಸೋಪು ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆ ಒತ್ತಿ, ಕೆರೆಯದೆ ಬಿಡಬೇಕು. ಕೆರೆದ ಉಗುರಿನಿಂದಲೇ ಗಾಯ ಕೀವಾಗುವುದು. ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಂದರೆ ಅದು ಅಲರ್ಜಿಯ ಲಕ್ಷಣ. ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ದಿನಾ ಕಚ್ಚಿಸಿಕೊಂಡರೆ ಮೈ ಒಗ್ಗಿಹೋಗುತ್ತದೆ ಎಂಬ ಮಾತನ್ನು ನೆಚ್ಚಿ ಕೂರಬಾರದು. ಕೆಲವರಲ್ಲಿ ಮತ್ತೆ ಮತ್ತೆ ಕಚ್ಚಿಸಿಕೊಂಡಷ್ಟೂ ಅಲರ್ಜಿ ಜೋರಾಗುವುದೂ ಉಂಟು.

ಕೆಲಸ ಕೊಡುವವರ ಹೊಣೆ

ಇಲ್ಲಿಯವರೆಗಿನ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪ ವಿಜ್ಞಾನದ್ದಲ್ಲ, ಬದುಕಿನದು. ಹೊತ್ತು ನೋಡಿ ಕೆಲಸ ಮಾಡಿ, ಬಣ್ಣ ನೋಡಿ ಬಟ್ಟೆ ತೊಡಿ ಎಂದರೆ ದಿನಗೂಲಿಯವರಿಗೆ ಆ ಸ್ವಾತಂತ್ರ್ಯ ಎಲ್ಲಿದೆ? ಈ ಪ್ರಶ್ನೆ ಸರಿಯಾದದ್ದು, ಮತ್ತು ಅದಕ್ಕೇ ಇದು ಒಬ್ಬೊಬ್ಬರ ಜಾಣತನಕ್ಕೆ ಬಿಡುವ ವಿಷಯವಾಗಬಾರದು. ಕಾಲುವೆ ಹೂಳು ತೆಗೆಸುವ ಗುತ್ತಿಗೆದಾರ, ತೋಟದ ಮಾಲೀಕ, ನರ್ಸರಿ ನಡೆಸುವ ಇಲಾಖೆ, ಡೇರಿ ನಡೆಸುವ ಸಂಸ್ಥೆ ಇವರು ಕೆಲಸದ ವೇಳೆಯನ್ನೂ ಸಮವಸ್ತ್ರವನ್ನೂ ನಿರ್ಧರಿಸುತ್ತಾರೆ. ಕೊಳೆ ಕಾಣದಿರಲಿ ಎಂದು ಕಡುನೀಲಿ ಬಟ್ಟೆ ಹೊಲಿಸಿ ಕೊಡುವ ಜಾಗದಲ್ಲಿ ಅದೇ ಬೆಲೆಗೆ ತಿಳಿಬಣ್ಣದ್ದನ್ನು ಹೊಲಿಸಬಹುದು. ಒಗೆಯುವ ಶ್ರಮ ಹೆಚ್ಚುತ್ತದೆ ಎಂದರೆ ಇನ್ನೊಂದು ಜೊತೆ ಕೊಡುವುದು ನ್ಯಾಯ. ಉದ್ಯೋಗ ಖಾತರಿಯ ಕಾಮಗಾರಿಯಲ್ಲಿ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಇರಲೇಬೇಕೆಂದು ನಿಯಮ ಮಾಡಿದ ನಾಡಿಗೆ ಇದು ಹೊಸ ಆಲೋಚನೆಯೂ ಅಲ್ಲ.

ಹೊತ್ತಿನ ವಿಷಯದಲ್ಲಂತೂ ನಿಸರ್ಗವೇ ಕೆಲಸವನ್ನು ಹಗುರ ಮಾಡಿದೆ. ಹೆಚ್ಚಿನ ಕುದುರೆ ನೊಣಗಳ ಕಾಟ ಏರುವುದು ಬಿಸಿಲೇರಿದಾಗ. ಬಿಸಿಲಿನಲ್ಲಿರುವ ಕಡುಬಣ್ಣದ ಮೈಯನ್ನು ಅವು ಹುಡುಕುತ್ತವೆ, ದಟ್ಟ ನೆರಳಿನಲ್ಲಿ ಬೇಟೆ ಕಡಿಮೆ. ಬಿಸಿಗಾಳಿಯ ದಿನಗಳಲ್ಲಿ ಮೈಮುರಿವ ಕೆಲಸ ನಿಲ್ಲಿಸಿ ನೆರಳಿಗೆ ಹೋಗಬೇಕೆಂದು ವೈದ್ಯರು ಹೇಳುವುದೂ ಇದೇ ಹೊತ್ತಿಗೆ. ಅಂದರೆ ನಡುಹಗಲಿನ ಬಿಡುವು ಮತ್ತು ನೆರಳು ಒಂದೇ ಏಟಿಗೆ ಎರಡು ಅಪಾಯಗಳನ್ನು ತಪ್ಪಿಸುತ್ತವೆ. ಬೆಳಗು ಸಂಜೆಗೆ ಸರಿದ ಕೆಲಸಕ್ಕೆ ನುಸಿ, ಸೊಳ್ಳೆಗಳು ಎದುರಾದರೆ, ಅವು ವಾಸನೆ ಹಿಡಿದು ಬರುವ ಜೀವಿಗಳಾದ್ದರಿಂದ, ಆಗ ಎಣ್ಣೆಯೂ ಕ್ರೀಮೂ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಮುಂದಿನ ಬೇಸಿಗೆಗೆ ಕೆಲಸದ ಯೋಜನೆ ಬರೆಯುವವರು ಕೂಲಿ, ಸಾಮಗ್ರಿ, ಅಳತೆಗಳ ಜೊತೆಗೆ ಬಟ್ಟೆಯ ಬಣ್ಣ, ನಡುಹಗಲಿನ ಬಿಡುವು, ನೆರಳಿನ ಜಾಗ, ಸುತ್ತಲಿನ ಕಸದ ವಿಲೇವಾರಿ ಈ ನಾಲ್ಕನ್ನೂ ಬರೆದುಕೊಳ್ಳಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ಅನುದಾನವೂ ಬೇಡ. ಬೇಕಾದದ್ದು, ಕೂಲಿಯವರ ಮೈಗೆ ತಟ್ಟುವ ನೋವನ್ನು ಕೆಲಸದ ಲೆಕ್ಕದೊಳಗೆ ಸೇರಿಸುವ ಮನಸ್ಸು.